ಡರ್ಹಮ್‌ಗೆ ಹೋದರೆ ಬರೀ ಕೆಥೆಡ್ರಲ್ ನೋಡಿ ವಾಪಸ್ ಬರಬೇಡಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಹುಡುಗ ಹುಡುಗಿಯರು ಈಗ ಓದೋಕೆ ಅಂತ ಇಂಗ್ಲೆಂಡಿನ ಉತ್ತರಕ್ಕೂ ಹೋಗುತ್ತಿದ್ದಾರೆ. ನ್ಯೂಕ್ಯಾಸಲ್, ಡರ್ಹಮ್, ಸಂಡರ್‌ಲ್ಯಾಂಡ್. ಹಿಂದೆಯೇ ಕಾನ್ವೊಕೇಶನ್‌ಗೆ ಅಂತ ಅಪ್ಪ ಅಮ್ಮನೂ ವೀಸಾ ಮಾಡಿಸುತ್ತಾರೆ. ಹೋದವರು ಡರ್ಹಮ್‌ನ ದೊಡ್ಡ ಚರ್ಚು, ಅಂದರೆ ಕೆಥೆಡ್ರಲ್ ಮುಂದೆ ನಿಂತು ನಾಲ್ಕು ಫೋಟೋ ತೆಗೆಸಿಕೊಂಡು, ಮಧ್ಯಾಹ್ನದ ಟ್ರೇನ್ ಹಿಡಿದು ಎಡಿನ್‌ಬರೋಗೆ ಓಡುತ್ತಾರೆ. ಇಷ್ಟಕ್ಕೆ ಅಷ್ಟು ದುಡ್ಡು ಸುರೀಬೇಕಾ?

ಡರ್ಹಮ್ ಕೌಂಟಿ ಗಣಿ ಸೀಮೆ. ಅಲ್ಲಿ ತೆಗೆಯುತ್ತಿದ್ದದ್ದು ಕಲ್ಲಿದ್ದಲು, ನಮ್ಮಲ್ಲಿ ಅದಿರು, ಹಟ್ಟಿಯಲ್ಲಿ ಚಿನ್ನ. ಹಾಗಾಗಿ ಸಂಡೂರು, ತೋರಣಗಲ್ಲು, ಲಿಂಗಸುಗೂರು ಕಡೆಯವರು ಆ ಜಿಲ್ಲೆಯನ್ನು ಟೂರಿಸ್ಟ್ ಪುಸ್ತಕದಲ್ಲಿ ಇರೋ ಹಾಗೆ ನೋಡೋದು ಬೇಡ. ಗಣಿಯಿಂದ ಶುರು ಮಾಡಿ, ಕೆಥೆಡ್ರಲ್‌ಗೆ ಆಮೇಲೆ ಬನ್ನಿ.

ಟಿಕೆಟ್ ಬುಕ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ಜುಲೈ ತಿಂಗಳ ಎರಡನೇ ಶನಿವಾರ ಡರ್ಹಮ್ ಊರಲ್ಲಿ ಗಣಿ ಕಾರ್ಮಿಕರ ದೊಡ್ಡ ಜಾತ್ರೆ, ಮೈನರ್ಸ್ ಗೇಲಾ. ಊರಿನವರು ಬಿಗ್ ಮೀಟಿಂಗ್ ಅಂತಲೂ ಕರೆಯುತ್ತಾರೆ. 1871ರಲ್ಲಿ ಶುರುವಾದದ್ದು. ಆ ಜಿಲ್ಲೆಯಲ್ಲಿ ಇವತ್ತು ಒಂದೂ ಕಲ್ಲಿದ್ದಲು ಗಣಿ ನಡೆಯುತ್ತಿಲ್ಲ. ಆದರೂ ಒಂದೊಂದು ಹಳ್ಳಿಯವರು ತಮ್ಮ ಹಳೇ ಗಣಿಯ ಹೆಸರಿರುವ ರೇಷ್ಮೆಯ ಬ್ಯಾನರ್ ಹೊತ್ತು, ಮುಂದೆ ಬ್ರಾಸ್ ಬ್ಯಾಂಡ್ ಬಾರಿಸಿಕೊಂಡು ಬೆಳಿಗ್ಗೆಯೇ ಊರೊಳಗೆ ಬರುತ್ತಾರೆ. ಬ್ಯಾನರ್ ಅಂದರೆ ನಮ್ಮ ಸರ್ಕಲ್‌ನಲ್ಲಿ ಕಟ್ಟುವ ಫ್ಲೆಕ್ಸ್ ಅಲ್ಲ. ಒಬ್ಬಿಬ್ಬರಿಗೆ ಎತ್ತೋಕಾಗಲ್ಲ. ಎರಡೂ ಕಡೆ ಕಂಬ, ಗಾಳಿಗೆ ವಾಲದಂತೆ ಹಿಂದೆ ಮುಂದೆ ಹಗ್ಗ ಹಿಡಿದ ಜನ, ಮೇಲೆ ಕೈಯಿಂದ ಬರೆದ ಚಿತ್ರ. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ, ಆ ವರ್ಷ ಯಾವ ಗಣಿಯಲ್ಲಿ ಸಾವಾಗಿತ್ತೋ ಅಲ್ಲಿನ ಬ್ಯಾನರ್‌ಗೆ ಕಪ್ಪು ಬಟ್ಟೆ ಕಟ್ಟಿ ತರುತ್ತಿದ್ದರು.

ನಿಲ್ಲೋಕೆ ಒಳ್ಳೇ ಜಾಗ ಓಲ್ಡ್ ಎಲ್ವೆಟ್ ರಸ್ತೆ, ರಾಯಲ್ ಕೌಂಟಿ ಹೋಟೆಲ್ ಎದುರು. ಹೋಟೆಲ್‌ನ ಬಾಲ್ಕನಿಯಲ್ಲಿ ಯೂನಿಯನ್ ಮುಖಂಡರು ನಿಂತಿರುತ್ತಾರೆ, ಅವರ ಮುಂದೆ ಪ್ರತಿ ಬ್ಯಾಂಡೂ ನಿಂತು ಒಂದು ಹಾಡು ಬಾರಿಸಿಯೇ ಮುಂದೆ ಹೋಗಬೇಕು. ತಿಂಡಿ ಬೇಗ ಮುಗಿಸಿ ಜಾಗ ಹಿಡಿಯಿರಿ, ತಡವಾದರೆ ಬರೀ ಬೆನ್ನುಗಳೇ ಕಾಣಿಸುವುದು. ಅಲ್ಲಿಂದ ಮೆರವಣಿಗೆ ವಿಯರ್ ನದಿ ದಂಡೆಯ ಹಳೇ ರೇಸ್‌ಕೋರ್ಸ್ ಮೈದಾನಕ್ಕೆ ಹೋಗುತ್ತದೆ. ಅಲ್ಲಿ ಭಾಷಣ, ಎಲ್ಲವೂ ಎಡಪಂಥದ ರಾಜಕೀಯ, ಬೇಡ ಅನ್ನಿಸಿದರೆ ಬ್ಯಾನರ್‌ಗಳನ್ನು ಒರಗಿಸಿಟ್ಟಿರುವ ಬೇಲಿ ಪಕ್ಕ ಸುಮ್ನೆ ಅಡ್ಡಾಡಿ, ಹತ್ತಿರದಿಂದ ನೋಡೋಕೆ ಅದೇ ಒಳ್ಳೇ ಹೊತ್ತು. ಪಕ್ಕದಲ್ಲಿ ಕೂತ ಮುದುಕರನ್ನು "ನಿಮ್ಮದು ಯಾವ ಗಣಿ?" ಅಂತ ಕೇಳಿ. ನಮ್ಮ ಕಡೆಯೂ ಮೈನ್ಸ್ ಇದೆ ಅಂದರೆ ಮಾತು ಬೇಗ ಮುಗಿಯಲ್ಲ. ಮಧ್ಯಾಹ್ನ ಹೊಸ ಬ್ಯಾನರ್‌ಗಳನ್ನು ಕೆಥೆಡ್ರಲ್ ಒಳಗೆ ಒಯ್ದು ಆಶೀರ್ವಾದ ಮಾಡಿಸುತ್ತಾರೆ, ಅದನ್ನು ತಪ್ಪಿಸಬೇಡಿ.

ಆ ವಾರ ಊರಲ್ಲಿ ರೂಮ್ ಸಿಗೋದು ಕಷ್ಟ. ನ್ಯೂಕ್ಯಾಸಲ್ ಅಥವಾ ಡಾರ್ಲಿಂಗ್‌ಟನ್‌ನಲ್ಲಿ ಉಳಿದುಕೊಳ್ಳಿ, ಎರಡೂ ಕಡೆಯಿಂದ ಟ್ರೇನ್‌ನಲ್ಲಿ ಅರ್ಧ ಗಂಟೆಯೂ ಬೇಡ. ಕಾರ್ ತರಬೇಡಿ, ರಸ್ತೆ ಬಂದ್ ಮಾಡಿರುತ್ತಾರೆ. ಜುಲೈ ಅಂದರೂ ಜರ್ಕಿನ್ ಬೇಕೇ ಬೇಕು, ಬಳ್ಳಾರಿ ಬಿಸಿಲಿನ ಲೆಕ್ಕ ಅಲ್ಲಿ ನಡೆಯಲ್ಲ.

ಜುಲೈಗೆ ಹೋಗೋಕೆ ಆಗದಿದ್ದರೆ ಬೀಮಿಶ್‌ಗೆ ಹೋಗಿ. ಆಗಿದ್ದರೂ ಹೋಗಿ. ಸ್ಟ್ಯಾನ್ಲಿ ಊರಿನ ಹತ್ತಿರ ಇರುವ ಬಯಲು ಮ್ಯೂಸಿಯಂ ಅದು. ಗಾಜಿನ ಪೆಟ್ಟಿಗೆಯಲ್ಲಿ ವಸ್ತು ಇಟ್ಟಿರುವ ಜಾಗ ಅಲ್ಲ. ಬೇರೆ ಬೇರೆ ಊರುಗಳ ಹಳೇ ಕಟ್ಟಡಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋಕೆ ಹಳೇ ಟ್ರಾಮ್ ಇದೆ. ಇಡೀ ದಿನ ಇಟ್ಟುಕೊಳ್ಳಿ, ಮೊದಲು ಗಣಿ ಹಳ್ಳಿಗೇ ಹೋಗಿ. ಅಲ್ಲಿರುವ ಡ್ರಿಫ್ಟ್ ಗಣಿ, ಅಂದರೆ ಬಾವಿಯಂತೆ ಇಳಿಯದೆ ನಡೆದೇ ಒಳಹೋಗುವ ಸುರಂಗದ ಗಣಿ, ನಿಜವಾದದ್ದು, 1850ರ ದಶಕದ್ದು. ಹೆಲ್ಮೆಟ್ ಹಾಕಿಸಿ ಒಳಗೆ ಕರೆದೊಯ್ಯುತ್ತಾರೆ, ಬಗ್ಗಿಕೊಂಡೇ ನಡೆಯಬೇಕು, ಮಂಡಿನೋವು ಇರುವವರು ಹೊರಗೇ ಕೂರುವುದು ಒಳ್ಳೇದು. ನಮ್ಮಲ್ಲಿ ಬೆಟ್ಟವನ್ನೇ ಮೇಲಿನಿಂದ ಅಗೆದು ಲಾರಿಗೆ ತುಂಬುವುದನ್ನು ನೋಡಿದವರಿಗೆ ಈ ಕತ್ತಲು ಹೊಸದು.

ಹೊರಗೆ ಬಂದ ಮೇಲೆ ಕಾರ್ಮಿಕರ ಸಾಲುಮನೆಗಳ ಒಳಗೆ ಹೋಗಿ ನೆಲ ನೋಡಿ. ಒಲೆ ಮುಂದೆ ಒಂದು ಚಾಪೆ ಹಾಸಿರುತ್ತಾರೆ. ಹರಿದ ಕೋಟು, ಹಳೇ ಲಂಗ, ಕಂಬಳಿ ಎಲ್ಲವನ್ನೂ ಬೆರಳುದ್ದ ಕತ್ತರಿಸಿ, ಗೋಣಿತಟ್ಟನ್ನು ಚೌಕಟ್ಟಿಗೆ ಬಿಗಿದು, ಮೊನೆಯಿರುವ ಒಂದು ಕಡ್ಡಿಯಿಂದ ಚೂರು ಚೂರೇ ತೂರಿಸಿ ಮಾಡಿದ್ದು. ಪ್ರಾಗಿ ಮ್ಯಾಟ್ ಅಂತಾರೆ. ನಮ್ಮ ಅಜ್ಜಿಯರ ಕೌದಿಯ ಖಾಸಾ ತಂಗಿ. ನಿಮ್ಮ ಜೊತೆ ಅಮ್ಮನೋ ಅತ್ತೆಯೋ ಇದ್ದರೆ ಅಲ್ಲಿಂದ ಬೇಗ ಹೊರಡಿಸೋಕೆ ಆಗಲ್ಲ, ಹೇಳಿಬಿಟ್ಟಿದ್ದೇನೆ.

ಊಟದ ವಿಷಯ. ಸಸ್ಯಾಹಾರಿಗಳು ಸ್ವಲ್ಪ ಹುಷಾರಾಗಿರಿ. ಉತ್ತರ ಇಂಗ್ಲೆಂಡಿನ ತುಂಬಾ ಅಂಗಡಿಗಳಲ್ಲಿ, ಬೀಮಿಶ್‌ನ ಗಣಿ ಹಳ್ಳಿಯಲ್ಲೂ ಸೇರಿ, ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ಆಲೂಗಡ್ಡೆ ತಾನೇ ಅಂತ ತಿನ್ನಬೇಡಿ, ಯಾವ ಎಣ್ಣೆ ಅಂತ ಮೊದಲು ಕೇಳಿ. ಸ್ಟಾಟಿ ಅನ್ನೋ ದಪ್ಪ ದುಂಡು ಬ್ರೆಡ್ ತಿನ್ನಬಹುದು. ಅದರೊಳಗೆ ಹಚ್ಚುವ ಪೀಸ್ ಪುಡ್ಡಿಂಗ್ ಹಳದಿ ಬಟಾಣಿ ಬೇಳೆಯದ್ದೇ, ಆದರೆ ಹಳೇ ಪದ್ಧತಿಯಲ್ಲಿ ಹಂದಿಮಾಂಸ ಬೇಯಿಸಿದ ನೀರಿನಲ್ಲೇ ಮಾಡುತ್ತಾರೆ, ಅದನ್ನೂ ಕೇಳಿ. ಊರಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಎರಡು ದಿನ ಆರಾಮ. ತುಪ್ಪ, ಪೇಡಾ ಮಾತ್ರ ಬೇಡ, ಭಾರತದಿಂದ ಹಾಲಿನ ಪದಾರ್ಥ ಒಯ್ಯೋಕೆ ಅಲ್ಲಿ ಬಿಡಲ್ಲ.

ಈಗ ಕೆಥೆಡ್ರಲ್. ಕಟ್ಟೋಕೆ ಶುರು ಮಾಡಿದ್ದು 1093ರಲ್ಲಿ. ನಮ್ಮ ಹಂಪಿ ಯುನೆಸ್ಕೋ ಪಟ್ಟಿಗೆ ಸೇರಿದ 1986ರಲ್ಲೇ ಇದೂ ಪಕ್ಕದ ಕೋಟೆಯೂ ಸೇರಿದವು. ಒಳಗೆ ಹೋಗೋಕೆ ಟಿಕೆಟ್ ಇಲ್ಲ, ಕಾಣಿಕೆ ಹಾಕಿದರೆ ಖುಷಿ ಪಡುತ್ತಾರೆ. ಬಾಗಿಲ ಮೇಲಿನ ಸಿಂಹಮುಖದ ಬಳೆ ಎಲ್ಲರೂ ತೋರಿಸುತ್ತಾರೆ, ತಪ್ಪು ಮಾಡಿ ಓಡಿ ಬಂದವನು ಅದನ್ನು ಹಿಡಿದು ಬಡಿದರೆ 37 ದಿನ ಆಶ್ರಯ ಸಿಗುತ್ತಿತ್ತಂತೆ. ಈಗ ಇರುವುದು ನಕಲು, ಅಸಲಿ ಒಳಗಿನ ಮ್ಯೂಸಿಯಂನಲ್ಲಿದೆ. ಈ ಸೀಮೆಯ ಹಳೇ ಸಂತ ಕತ್‌ಬರ್ಟ್, ಇಂಗ್ಲೆಂಡಿನ ಹಳೇ ಇತಿಹಾಸ ಬರೆದ ಸನ್ಯಾಸಿ ಬೀಡ್, ಇಬ್ಬರ ಸಮಾಧಿಯೂ ಇಲ್ಲೇ.

ಜನ ಸಾಮಾನ್ಯವಾಗಿ ದಾಟಿಕೊಂಡು ಹೋಗಿಬಿಡುವ ಎರಡು ಜಾಗ ಇವೆ. ಒಂದು, ಗಣಿಯಲ್ಲಿ ಸತ್ತವರ ಸ್ಮಾರಕ, ಗಣಿಯ ದೀಪವೊಂದನ್ನು ಅಲ್ಲಿ ತೂಗುಹಾಕಿದ್ದಾರೆ, ಸತ್ತವರ ಹೆಸರಿನ ಪುಸ್ತಕವೂ ಇದೆ. ಇನ್ನೊಂದು ಪೂರ್ವದ ತುದಿಯ ಕಪ್ಪು ಕಂಬಗಳು. ವಿಯರ್ ಕಣಿವೆಯ ಫ್ರಾಸ್ಟರ್ಲಿ ಕಲ್ಲು ಅದು. ಮಾರ್ಬಲ್ ಅಂತ ಕರೆದರೂ ನಿಜಕ್ಕೂ ಸುಣ್ಣದ ಕಲ್ಲು. ಹತ್ತಿರ ಹೋಗಿ ನೋಡಿದರೆ ಕಪ್ಪಿನಲ್ಲಿ ಬಿಳಿ ಬಿಳಿ ಸುರುಳಿ, ಕೋಟ್ಯಂತರ ವರ್ಷದ ಹಿಂದೆ ಸಮುದ್ರದಲ್ಲಿದ್ದ ಹವಳ. ಗ್ರಾನೈಟ್ ಪಾಲಿಶ್ ನೋಡಿ ಬೆಳೆದ ಇಳಕಲ್, ಕುಷ್ಟಗಿ ಕಡೆಯವರು ಇಲ್ಲಿ ಹತ್ತು ನಿಮಿಷ ಜಾಸ್ತಿ ನಿಲ್ಲುತ್ತಾರೆ.

ಇನ್ನೊಂದು ದಿನ ಇದ್ದರೆ ಸಮುದ್ರದ ಕಡೆ, ಈಸಿಂಗ್ಟನ್‌ಗೆ ಹೋಗಿ. 1951ರ ಮೇ 29ರಂದು ಅಲ್ಲಿ ಗಣಿ ಸ್ಫೋಟವಾಗಿ, ಕಾಪಾಡೋಕೆ ಇಳಿದ ಇಬ್ಬರೂ ಸೇರಿ 83 ಜನ ಸತ್ತರು. 1993ರಲ್ಲಿ ಗಣಿ ಮುಚ್ಚಿತು. ಕಾರ್ಮಿಕರು ಇಳಿಯುತ್ತಿದ್ದ ಕಬ್ಬಿಣದ ಪಂಜರವನ್ನು ಅದೇ ಜಾಗದಲ್ಲಿ ನೆನಪಿಗೆ ಇಟ್ಟಿದ್ದಾರೆ. ಕೆಳಗಿನ ಕಡಲ ದಂಡೆಗೆ ಎಷ್ಟೋ ವರ್ಷ ಗಣಿಯ ಕಸ ಸುರಿದು ಕಪ್ಪಾಗಿಸಿದ್ದರು. ಗಣಿ ಮುಚ್ಚಿದ ಮೇಲೆ ದುಡ್ಡು ಹಾಕಿ ತೆಗೆಸಿದರು, ಈಗ ಮೇಲೆ ಹೂವಿನ ಹುಲ್ಲುಗಾವಲು, ನಡೆಯೋಕೆ ದಾರಿ. ನಮ್ಮ ಮೈನ್ಸ್ ಆಫೀಸರ್‌ಗಳನ್ನು ಒಂದು ಬಸ್ ಮಾಡಿ ಕಳಿಸಬೇಕಾದ ಜಾಗ.

ಟ್ರೇನ್ ಹುಚ್ಚಿನವರು ಶಿಲ್ಡನ್‌ನ ಲೋಕೋಮೋಷನ್ ಮ್ಯೂಸಿಯಂ ಬಿಡಬೇಡಿ, ಪ್ರವೇಶ ಉಚಿತ. 1825ರ ಸೆಪ್ಟೆಂಬರ್ 27ರಂದು ರೈಲ್ವೆಯ ಆರಂಭದ ಇಂಜಿನಿಯರ್ ಜಾರ್ಜ್ ಸ್ಟೀವನ್‌ಸನ್ನರ ಉಗಿ ಇಂಜಿನ್ ಹೊರಟದ್ದು ಅದೇ ಊರಿಂದ, ಕಲ್ಲಿದ್ದಲು ಹೊತ್ತು, ಜೊತೆಗೆ ಜನರನ್ನೂ ಹೊತ್ತು. ಬಿಷಪ್ ಆಕ್ಲೆಂಡ್‌ನಲ್ಲಿ ಗಣಿ ಚಿತ್ರಕಲೆಯದ್ದೇ ಒಂದು ಗ್ಯಾಲರಿ ಇದೆ, ಗಣಿಯಲ್ಲಿ ದುಡಿಯುತ್ತಲೇ ಚಿತ್ರ ಬರೆದ ನಾರ್ಮನ್ ಕಾರ್ನಿಶ್ ಅಂಥವರ ಕೆಲಸ ಅಲ್ಲಿ ನೋಡಬಹುದು. ಎರಡೂ ಊರು ಒಂದೇ ರೈಲು ದಾರಿಯಲ್ಲಿ, ಡಾರ್ಲಿಂಗ್‌ಟನ್‌ನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಎರಡನ್ನೂ ಮುಗಿಸಿ ಬರಬಹುದು.