ಕಮಿಟಿಯಲ್ಲಿ ‘ಬೇಡ’ ಅಂದದ್ದು ಮಿನಿಟ್ಸ್‌ಗೆ ಬರಬೇಕೆಂದರೆ

ನಮ್ಮ ಅಪಾರ್ಟ್‌ಮೆಂಟ್ ಕಮಿಟಿಯಲ್ಲಿ ಒಮ್ಮೆ ಪೇಂಟಿಂಗ್ ಕಾಂಟ್ರ್ಯಾಕ್ಟ್ ಮಾತು ಬಂತು. ಇದ್ದದ್ದು ಒಂದೇ ಕೊಟೇಶನ್. ಏಳು ಜನರಲ್ಲಿ ನಾವಿಬ್ಬರು ಬೇಡ ಎಂದೆವು. ವಾರ ಬಿಟ್ಟು ಬಂದ, ಸಭೆಯ ತೀರ್ಮಾನ ಬರೆದಿಡುವ ಮಿನಿಟ್ಸ್‌ನಲ್ಲಿ ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದಿತ್ತು! ಕೇಳಿದರೆ ಸೆಕ್ರೆಟರಿ, ‘ಸುಮ್ನೆ ಯಾಕೆ ಸರ್, ಎಲ್ಲಾ ಒಂದೇ ಬಿಲ್ಡಿಂಗ್‌ನೋರು ಅಲ್ವಾ?’ ಎಂದರು. ನಿಮಗೂ ಹೀಗಾಗಿದ್ದರೆ ಏನು ಮಾಡಬಹುದು?

ಮೊದಲು ಬೈಲಾ, ಅಂದರೆ ಸಂಘದ ಒಳನಿಯಮಗಳನ್ನು, ತೆಗೆದು ನೋಡಿ. ಬೆಂಗಳೂರಿನಲ್ಲಿ ಕೆಲವು ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇವೆ, ಕೆಲವು 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ. ಎರಡನೆಯದರಲ್ಲಿ ಮಾಲೀಕರ ಬಹುಮತ ಎಂದರೆ ತಲೆ ಎಣಿಕೆಯಲ್ಲ. ಡಿಕ್ಲರೇಶನ್‌ನಲ್ಲಿ (ಆ ಕಾಯ್ದೆಯಡಿ ನೋಂದಾಯಿಸುವ ಘೋಷಣಾ ಪತ್ರ) ಪ್ರತಿ ಫ್ಲ್ಯಾಟ್‌ಗೆ ಬರೆದ ಶೇಕಡಾವಾರು ಮತ ಕೂಡಿಸಿ ಕನಿಷ್ಠ 51 ಆಗಬೇಕು. ಕಮಿಟಿಯೊಳಗಿನ ಲೆಕ್ಕ ಹೇಗೆ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಎಷ್ಟು, ಸಮ ಮತ ಬಿದ್ದರೆ ಅಧ್ಯಕ್ಷರಿಗೆ ಇನ್ನೊಂದು ಮತ ಇದೆಯೇ ಎಂಬುದನ್ನೂ ಬೈಲಾದಲ್ಲೇ ಹುಡುಕಿ.

ಅಜೆಂಡಾ ಕೈಗೆ ಬಂದ ಮೇಲೆ, ಮೀಟಿಂಗ್‌ನ ಹಿಂದಿನ ದಿನವೇ ನಿಮ್ಮ ತಕರಾರನ್ನು ಎರಡು ಸಾಲಿನಲ್ಲಿ ಇಮೇಲ್ ಮಾಡಿ. ವಾಟ್ಸಾಪ್ ಬೇಡ. ಅಲ್ಲಿ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಕಳೆದುಹೋಗುತ್ತದೆ.

ಮೀಟಿಂಗ್‌ನಲ್ಲಿ ‘ಎಲ್ಲರಿಗೂ ಓಕೆ ತಾನೆ?’ ಎಂಬ ಪ್ರಶ್ನೆ ಬರುತ್ತದೆ. ಅಲ್ಲೇ ಎಡವುವುದು. ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ. ಕೈ ಎತ್ತಿಸಿ ಎಣಿಸಲು ಹೇಳಿ. ‘ನನ್ನ ಮತ ವಿರುದ್ಧ, ಕಾರಣ ಒಂದೇ ಕೊಟೇಶನ್ ಇರುವುದು, ಬರೆದುಕೊಳ್ಳಿ’ ಎಂದರೆ ಸಾಕು, ಭಾಷಣ ಬೇಕಿಲ್ಲ. ತಟಸ್ಥರಾಗಿದ್ದರೆ ಅದನ್ನೂ ಬೇರೆಯಾಗಿ ಬರೆಸಿ. ಕಮಿಟಿ ಚುನಾವಣೆಯಲ್ಲಿ ಮತ ಗುಟ್ಟಾಗಿರಲಿ, ಸರಿ. ಆದರೆ ಗೆದ್ದು ಬಂದವರು ಖರ್ಚು ಮಾಡುವುದು ಎಲ್ಲರ ಮೇಂಟೆನೆನ್ಸ್ ದುಡ್ಡು. ಅಲ್ಲಿ ಯಾರು ಪರ, ಯಾರು ವಿರುದ್ಧ ಎಂದು ಹೆಸರು ಸಮೇತ ಇರಬೇಕು ಎಂಬುದು ನನ್ನ ಹಟ.

ಮಿನಿಟ್ಸ್‌ನ ಕರಡು ಬಂದ ದಿನವೇ ಓದಿ. ತಪ್ಪಿದ್ದರೆ ಎಲ್ಲ ಸದಸ್ಯರಿಗೂ ಹೋಗುವಂತೆ ಉತ್ತರಿಸಿ. ಮುಂದಿನ ಮೀಟಿಂಗ್‌ನಲ್ಲಿ ಅದನ್ನು ಓದಿ ಒಪ್ಪುವ ಮುಂಚೆ ತಿದ್ದುಪಡಿ ಕೇಳಿ. ನಾನು ಹಾಗೇ ಮಾಡಿದೆ. ‘ಪರ 5, ವಿರುದ್ಧ 2’ ಎಂದು ತಿದ್ದಿದರು. ಪೇಂಟಿಂಗ್ ಮಾತ್ರ ಅದೇ ಕಾಂಟ್ರ್ಯಾಕ್ಟರ್‌ಗೇ ಹೋಯಿತು. ಹೋಗಲಿ, ಬಹುಮತ ಅವರದ್ದೇ ಇತ್ತಲ್ಲ. ಸೋತ ಮೇಲೆ ಗೇಟಿನ ಹತ್ತಿರ ಕೆಲಸದವರನ್ನು ತಡೆಯುವುದೆಲ್ಲ ಬೇಡ.

ತಿದ್ದಲು ಒಪ್ಪದಿದ್ದರೆ? 1972ರ ಕಾಯ್ದೆಯಡಿ ಇರುವ ಸಂಘದಲ್ಲಿ ಲೆಕ್ಕದ ಪುಸ್ತಕ, ವೋಚರ್‌ಗಳನ್ನು ಕೆಲಸದ ದಿನಗಳಲ್ಲಿ ನೋಡುವ ಹಕ್ಕು ಪ್ರತಿ ಮಾಲೀಕರಿಗೂ ಇದೆ. 1960ರ ಕಾಯ್ದೆಯಡಿ ಇದ್ದರೆ, ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಸಂಘಗಳ ನೋಂದಣಾಧಿಕಾರಿಗೆ ವಿಚಾರಣೆ ಕೋರಿ ಅರ್ಜಿ ಕೊಡಬಹುದು. ಅದರ ಜೊತೆ ನಿಮ್ಮ ಹಳೆಯ ಇಮೇಲ್‌ಗಳ ಪ್ರಿಂಟ್ ಲಗತ್ತಿಸಿ.