ಲಕ್ಕುಂಡಿಯ ಅವಶೇಷಗಳನ್ನು ಡಿಜಿಟಲ್ ನಕ್ಷೆಗೆ ಇಳಿಸುವುದು ಹೇಗೆ

ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಗದಗ ಹತ್ತಿರದ ಲಕ್ಕುಂಡಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ನಕ್ಷೆ ಮಾಡಹೊರಟವರು ಆ ಲೆಕ್ಕವನ್ನು ಮೊದಲು ಬದಿಗಿಡಬೇಕು. ಲೆಕ್ಕ ತುಂಬಿಸುವ ಹಟಕ್ಕೆ ಬಿದ್ದರೆ ಓಣಿಯ ತಿರುವಿನಲ್ಲಿ ಬಿದ್ದ ಪ್ರತಿ ಕಂಬದ ತುಂಡೂ ಒಂದು ಗುಡಿಯಾಗುತ್ತದೆ, ಹಿತ್ತಲಲ್ಲಿ ಕಾಳು ತುಂಬಿಡುತ್ತಿದ್ದ ಹಳೆಯ ಹಗೇವು ಬಾವಿಯಾಗುತ್ತದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರ, ನನ್ನೇಶ್ವರ, ಮಾಣಿಕೇಶ್ವರದ ಮಗ್ಗುಲಿನ ಮುಸುಕಿನ ಬಾವಿ, ಇವೆಲ್ಲ ಎಲ್ಲಿವೆ ಎಂದು ತೋರಿಸಲು ಹೊಸ ನಕ್ಷೆ ಬೇಕಿಲ್ಲ. ಇವುಗಳ ನಡುವೆ ಮನೆಗೋಡೆ, ಹೊಲದ ಬದು, ತಿಪ್ಪಿ, ಕಟ್ಟೆಗಳಲ್ಲಿ ಚದುರಿಹೋದದ್ದಕ್ಕೆ ನಕ್ಷೆ ಬೇಕು. ಹಾಗಾಗಿ ಗುರುತಿಸುವ ಪ್ರತಿ ಬಿಂದುವೂ ಎರಡು ಪ್ರಶ್ನೆಗೆ ಉತ್ತರ ಹೇಳಬೇಕು. ಈ ಕಲ್ಲು ಮೂಲ ಜಾಗದಲ್ಲೇ ಇದೆಯೋ, ತಂದಿಟ್ಟದ್ದೋ? ನೀವು ಬರೆದುಕೊಂಡ ಜಾಗ ಎಷ್ಟು ಮೀಟರ್ ಆಚೀಚೆ ಇರಬಹುದು? ಈ ಎರಡು ಇಲ್ಲದ ನಕ್ಷೆ ನೋಡಲು ಚೆಂದ ಇರುತ್ತದೆ, ಸಂಶೋಧನೆಗೆ ಉಪಯೋಗಕ್ಕೆ ಬರುವುದಿಲ್ಲ.

ಕಾಗದಪತ್ರ ಮೊದಲು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಇಟ್ಟು ಅಳತೆ ಮಾಡಲು, ಡ್ರೋನ್ ಹಾರಿಸಲು ಭಾರತೀಯ ಪುರಾತತ್ವ ಸರ್ವೇಕ್ಷಣದ ಧಾರವಾಡ ವಲಯ ಕಚೇರಿಯಿಂದ ಲಿಖಿತ ಅನುಮತಿ ಬೇಕು. ರಾಜ್ಯದ ರಕ್ಷಣೆಯಲ್ಲಿರುವುದಕ್ಕೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನು ಕೇಳಬೇಕು. ಯಾವುದು ಯಾರದು ಎಂಬ ಪಟ್ಟಿ ಕೈಯಲ್ಲಿರಲಿ, ಒಂದೇ ಊರಿನಲ್ಲಿ ಎರಡೂ ಇವೆ. ಡ್ರೋನಿಗೆ ನಾಗರಿಕ ವಿಮಾನಯಾನ ನಿರ್ದೇಶನಾಲಯದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯದ ಬಣ್ಣ ನೋಡಿಕೊಳ್ಳಿ. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ಪಂಚಾಯಿತಿಗೂ ಠಾಣೆಗೂ ಒಂದೊಂದು ಪ್ರತಿ ಕೊಟ್ಟಿರಿ. ನೆಲ ಕೆದಕುವ ಮಾತೇ ಬೇಡ. ನೆಲದಲ್ಲಿ ಬೆಲೆಬಾಳುವಂಥದ್ದು ಕಣ್ಣಿಗೆ ಬಿದ್ದರೆ 1878ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ತಳಹದಿಯ ಪದರಗಳು

ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಸಾಕು, ದುಡ್ಡು ಕೊಡಬೇಕಿಲ್ಲ. ಪ್ರಾಜೆಕ್ಟಿನ ನಿರ್ದೇಶಾಂಕ (ಕೋಆರ್ಡಿನೇಟ್) ಪದ್ಧತಿಯನ್ನು ಜಾಗವನ್ನು ಮೀಟರಿನಲ್ಲಿ ಹೇಳುವ ಯುಟಿಎಂನ ವಲಯ 43 ಉತ್ತರಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ಹೊಂದಿಸಿ. ಲಕ್ಕುಂಡಿಯ ಮೇಲೆ ಕರ್ಸರ್ ಇಟ್ಟಾಗ ಪೂರ್ವದ ಅಂಕಿ 5,77,000ರ ಆಸುಪಾಸು, ಉತ್ತರದ ಅಂಕಿ 17 ಲಕ್ಷದ ಮೇಲೆ ತುಸು ಬರಬೇಕು. ಬೇರೇನಾದರೂ ಬಂದರೆ ವಲಯ ತಪ್ಪಿದೆ, ಮುಂದೆ ಹೋಗಬೇಡಿ. ಡಿಗ್ರಿಯಲ್ಲಿ ಬರೆದುಕೊಳ್ಳುವವರು ಚುಕ್ಕಿಯ ನಂತರ ಆರು ಅಂಕಿ ಬರೆಯಲಿ. ಐದನೇ ಅಂಕಿ ಸುಮಾರು ಒಂದು ಮೀಟರಿಗೆ ಸಮ, ಮೂರಕ್ಕೆ ನಿಲ್ಲಿಸಿದರೆ ನೂರು ಮೀಟರ್ ಕೈಬಿಟ್ಟಂತೆ.

ಇದರ ಮೇಲೆ ಮೂರು ಪದರ ಹಾಕಿ. ಇಂದಿನ ಉಪಗ್ರಹ ಚಿತ್ರ ಒಂದು. 1960ರ ದಶಕದ ಕೊರೋನಾ ಎಂಬ ಬೇಹು ಉಪಗ್ರಹದ ಕಪ್ಪು-ಬಿಳುಪು ಚಿತ್ರ ಇನ್ನೊಂದು. ಅಮೆರಿಕ ಇದರ ಗೌಪ್ಯತೆ ತೆಗೆದದ್ದು 1995ರಲ್ಲಿ. ಈಗಾಗಲೇ ಸ್ಕ್ಯಾನ್ ಆಗಿರುವ ಚಿತ್ರಗಳು ಅರ್ಥ್ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮನೆಗಳು ಹಬ್ಬುವ ಮುಂಚಿನ ಊರಿನ ಅಂಚು, ಕಂದಕದ ಗೆರೆ ಅದರಲ್ಲಿ ಕಂಡರೆ ಆ ಜಾಗಕ್ಕೆ ಹೋಗಿ ನೋಡಿ. ಮೂರನೆಯದು ಕಂದಾಯದ ಗ್ರಾಮ ನಕ್ಷೆ. ಹೊಲದಲ್ಲಿ ನಿಂತಾಗ ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆ್ಯಪ್ ಸಾಕು.

ಗ್ರಾಮ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಜಾಗಕ್ಕೆ ಕೂರಿಸುವಾಗಲೇ ಹೆಚ್ಚಿನವರು ಎಡವುವುದು. ಮಡಚಿಟ್ಟ ಕಾಗದ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಹಿಗ್ಗಿರುತ್ತದೆ. ಕನಿಷ್ಠ ಎಂಟ್ಹತ್ತು ಗುರುತು ಬೇಕು: ಮೂರು ಊರುಗಳ ಸರಹದ್ದು ಕೂಡುವ ಕಲ್ಲು, ಕೆರೆ ಏರಿಯ ತುದಿ, ಜಾಗ ಬದಲಿಸದ ಗುಡಿಯ ಮೂಲೆ. ರಸ್ತೆಯ ತಿರುವನ್ನು ಗುರುತಾಗಿ ಹಿಡಿಯಬೇಡಿ, ರಸ್ತೆ ಅಗಲ ಮಾಡುವಾಗಲೆಲ್ಲ ತಿರುವು ಜರುಗಿದೆ. ಇಡೀ ಹಾಳೆಯನ್ನು ಒಂದೇ ಸೂತ್ರದಿಂದ ಹೊಂದಿಸುವ ಮೊದಲ ದರ್ಜೆಯ ಪಾಲಿನೋಮಿಯಲ್ ವಿಧಾನ ಆರಿಸಿ. ಥಿನ್ ಪ್ಲೇಟ್ ಸ್ಪ್ಲೈನ್ ಆರಿಸಿದರೆ ದೋಷ ಸೊನ್ನೆ ಎಂದು ತೋರಿಸುತ್ತದೆ, ಹಿಗ್ಗಿ ನಂಬಿಬಿಡುತ್ತೀರಿ. ಆ ವಿಧಾನ ಪ್ರತಿ ಗುರುತನ್ನೂ ಎಳೆದು ಕೂರಿಸುವುದರಿಂದ ನಿಮ್ಮ ತಪ್ಪೂ ಜೊತೆಗೇ ಕೂತುಬಿಡುತ್ತದೆ. ಉಪಗ್ರಹ ಚಿತ್ರ ಕೂಡ ಕೆಲವು ಮೀಟರ್ ಜರುಗಿರಬಹುದು ಎಂಬುದು ನೆನಪಿರಲಿ.

ಫಾರ್ಮು

ಹೊಲಕ್ಕೆ, ಓಣಿಗೆ ಒಯ್ಯಲು ಕ್ಯೂಫೀಲ್ಡ್ ಆ್ಯಪ್ ಒಳ್ಳೆಯದು, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಪದರವನ್ನು ಜಿಯೋಪ್ಯಾಕೇಜ್ ರೂಪದಲ್ಲಿಡಿ, ಶೇಪ್‌ಫೈಲ್ ಬೇಡ. ಶೇಪ್‌ಫೈಲಿನಲ್ಲಿ ಕಾಲಮ್ಮಿನ ಹೆಸರಿಗೆ ಹತ್ತು ಬೈಟು, ಪಠ್ಯಕ್ಕೆ 254 ಬೈಟು ಮಾತ್ರ ಜಾಗ. ಯೂನಿಕೋಡಿನ ಒಂದೊಂದು ಕನ್ನಡ ಚಿಹ್ನೆಯೂ ಮೂರು ಬೈಟು ತಿನ್ನುತ್ತದೆ. ಒತ್ತು, ಕಾಗುಣಿತ ಸೇರಿದರೆ ನಾಲ್ಕು ಸಾಲಿನ ವಿವರಣೆ ನಡುವೆಯೇ ತುಂಡಾಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಹಳೆಯ ಪಟ್ಟಿಗಳು ನುಡಿಯ ಹಳೆ ಫಾಂಟಿನಲ್ಲಿ ಟೈಪಾಗಿದ್ದರೆ ಯೂನಿಕೋಡಿಗೆ ಬದಲಿಸಿಯೇ ಸೇರಿಸಿ. ಇಲ್ಲದಿದ್ದರೆ "ಬಾವಿ" ಎಂದು ಹುಡುಕಿದಾಗ ಅರ್ಧ ಬಾವಿಗಳು ಸಿಗುವುದಿಲ್ಲ.

ಕಾಲಮ್ಮುಗಳು ಹೆಚ್ಚು ಬೇಡ: ಗುರುತಿನ ಸಂಖ್ಯೆ, ವಿಧ, ಊರವರು ಕರೆಯುವ ಹೆಸರು, ಸರ್ವೆ ನಂಬರ್ ಅಥವಾ ಓಣಿ, ಅಳತೆ, ಫೋಟೊ, ದಿನಾಂಕ. ಇವುಗಳ ಜೊತೆಗೆ ಆಗ ಹೇಳಿದ ಎರಡು. ಸ್ಥಿತಿಯ ಕಾಲಮ್ಮಿನಲ್ಲಿ ನಾಲ್ಕೇ ಆಯ್ಕೆ ಇರಲಿ: ಮೂಲ ಜಾಗ, ಸರಿಸಿದ್ದು, ಮರುಬಳಕೆ, ಗೊತ್ತಿಲ್ಲ. ನಿಖರತೆಯ ಕಾಲಮ್ಮಿಗೆ ಮೊಬೈಲ್ ತೋರಿಸುವ ಮೀಟರನ್ನು ಆ್ಯಪ್ ತಾನೇ ತುಂಬುವಂತೆ ಮಾಡಿ, ಕೈಯಿಂದ ಬರೆದರೆ ಎಲ್ಲರೂ ಮೂರು ಎಂದೇ ಬರೆಯುತ್ತಾರೆ. ಊರವರು ಹೇಳಿದ್ದನ್ನು "ಕೇಳಿದ್ದು" ಎಂದೇ ದಾಖಲಿಸಿ. ಮೂವತ್ತು ವರ್ಷದ ಹಿಂದೆ ಬಾವಿ ಮುಚ್ಚಿಸಿದ ಹಿರಿಯರ ಮಾತಿಗೆ ಬೆಲೆಯಿದೆ, ಆದರೆ ಅದನ್ನು ಕಣ್ಣಾರೆ ಕಂಡ ಬಾವಿಯ ಸಾಲಿಗೆ ಸೇರಿಸಬಾರದು.

ನಡೆಯುವುದು

ಊರೊಳಗೆ ಓಣಿಯಿಂದ ಓಣಿಗೆ ಹೋಗಿ. ಬಾಗಿಲ ಹೊಸ್ತಿಲು, ಕಟ್ಟೆಯ ಅಂಚು, ದನ ಕಟ್ಟುವ ಗೂಟದ ಬುಡ, ನೀರಿನ ದೋಣಿಯ ಪಕ್ಕ, ಕೆತ್ತಿದ ಕಲ್ಲು ಎಲ್ಲಿ ಬೇಕಾದರೂ ಇರಬಹುದು. ಇವೆಲ್ಲ ಮರುಬಳಕೆ. ಇವನ್ನು ಗುಡಿಯ ಜಾಗ ಎನ್ನಬೇಡಿ, ಆದರೆ ಕಲ್ಲಿನ ಅಗಲ, ದಪ್ಪ, ಕೆತ್ತನೆಯ ಪಟ್ಟಿಯ ಅಳತೆ ಬರೆದಿಡಿ. ಒಂದೇ ಅಳತೆಯ ಪಟ್ಟಿ ಮೂರು ಮನೆಗಳಲ್ಲಿ ಸಿಕ್ಕರೆ ಅವು ಒಂದೇ ಕಟ್ಟಡದವು ಎಂದು ಅನುಮಾನಿಸಲು ಕಾರಣ ಸಿಕ್ಕಂತೆ. ಇಕ್ಕಟ್ಟಾದ ಓಣಿಯಲ್ಲಿ ಮೊಬೈಲ್ ಜಿಪಿಎಸ್ ಹತ್ತು, ಇಪ್ಪತ್ತು ಮೀಟರ್ ಜರುಗಿಸಿ ಪಕ್ಕದ ಮನೆಯೊಳಗೆ ಕೂರಿಸುತ್ತದೆ. ಅಲ್ಲಿ ಡ್ರೋನ್ ಚಿತ್ರದ ಮೇಲೆ ಬೆರಳಿಂದ ಗುರುತು ಹಾಕುವುದೇ ಲೇಸು.

ಹೊಲಕ್ಕೆ ಕಡಲೆ, ಕುಸುಬಿ ಕಿತ್ತ ಮೇಲೆ ಹೋಗಿ, ಫೆಬ್ರವರಿಯ ಕೊನೆಯಿಂದ ಮೇ ತನಕ. ಕುಂಟಿ ಹೊಡೆದ ಎರಿ (ಕಪ್ಪುಮಣ್ಣಿನ) ಹೊಲದಲ್ಲಿ ಮಡಕೆಚೂರು, ಇಟ್ಟಿಗೆ ತುಂಡು ಎದ್ದು ಕಾಣುತ್ತವೆ. ಹತ್ತು ಮೀಟರಿಗೊಬ್ಬರಂತೆ ಸಾಲಾಗಿ ನಡೆದರೆ ಚೌಕಾಕಾರದ ಒಂದು ಎಕರೆಗೆ ಆರೇಳು ಸಾಲು ಬೀಳುತ್ತವೆ. ಸಿಕ್ಕಿದ್ದನ್ನು ಎತ್ತಬೇಡಿ, ಎಣಿಸಿ ಬರೆದುಕೊಳ್ಳಿ. ಹೊಲದೊಡೆಯರನ್ನು ಕೇಳದೆ ಬದು ದಾಟಬೇಡಿ. ತಿಪ್ಪಿ ಗೊಬ್ಬರದ ಜೊತೆ ಊರಿನ ಮಡಕೆಚೂರೂ ಹೊಲ ಸೇರಿರುತ್ತದೆ. ಹಾಗಾಗಿ ಹೊಲದ ತುಂಬಾ ಸಮನಾಗಿ ಹರಡಿದ ಚೂರು ಹಳೆಯ ನೆಲೆಯ ಗುರುತಲ್ಲ, ಒಂದೇ ಕಡೆ ದಟ್ಟವಾಗಿ ಗುಡ್ಡೆಯಾದದ್ದನ್ನು ಮಾತ್ರ ಗಂಭೀರವಾಗಿ ನೋಡಿ.

ಡ್ರೋನ್ ಮತ್ತು ಆಧಾರ ಬಿಂದು

ಎರಿ ನೆಲದಲ್ಲಿ ಮೊಳೆ ಹೊಡೆದು ಆಧಾರ ಬಿಂದು, ಅಂದರೆ ಅಳತೆಗೆ ನೆಚ್ಚುವ ಸ್ಥಿರ ಗುರುತು, ಮಾಡಿದರೆ ಅದು ನಿಲ್ಲುವುದಿಲ್ಲ. ಮಳೆಗೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ, ಮೊಳೆ ಅದರ ಜೊತೆ ಜರುಗುತ್ತದೆ. ಶಾಲೆಯ ಧ್ವಜದ ಕಟ್ಟೆ, ಕಾಂಕ್ರೀಟ್ ಮೋರಿ, ನೀರಿನ ಟಾಕಿಯ ಬುಡ ಇಂಥವನ್ನು ಹಿಡಿಯಿರಿ. ಸ್ಮಾರಕದ ಕಲ್ಲಿಗೆ ಬಣ್ಣ, ಮೊಳೆ, ಅಂಟು ಏನೂ ತಾಗಬಾರದು. ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲದ (ಸ್ಥಿರ ಜಿಪಿಎಸ್ ಕೇಂದ್ರಗಳ) ತಿದ್ದುಪಡಿಯನ್ನು ಆಗಿಂದಾಗಲೇ ಪಡೆಯುವ ಆರ್‌ಟಿಕೆ ರಿಸೀವರಿನಿಂದ ಜಾಗ ಕೆಲವೇ ಸೆಂಟಿಮೀಟರಿನೊಳಗೆ ಸಿಗುತ್ತದೆ. ಆದರೆ ರಿಸೀವರ್ ಹೇಳುವ ಎತ್ತರ ಸಮುದ್ರಮಟ್ಟದ್ದಲ್ಲ. ಅದನ್ನು ಸಮುದ್ರಮಟ್ಟಕ್ಕೆ ತರುವ ಜಿಯಾಯ್ಡ್ ತಿದ್ದುಪಡಿ ಮಾಡದೆ ಹಳೆಯ ನಕ್ಷೆಯ ಎತ್ತರದೊಂದಿಗೆ ಹೋಲಿಸಿದರೆ ಹಲವು ಹತ್ತು ಮೀಟರ್ ವ್ಯತ್ಯಾಸ ಬಂದು ತಲೆ ಕೆಡುತ್ತದೆ.

ನೆಲದ ಗುರುತಿಗೆ ಅರ್ಧ ಮೀಟರಿನ ಫ್ಲೆಕ್ಸ್ ತುಂಡು ಸಾಕು. ಹೊಳೆಯುವ ಬದಿ ಕೆಳಗೆ ಮಾಡಿ, ಒರಟು ಬದಿಗೆ ಕಪ್ಪು-ಬಿಳಿ ಚೌಕ ಹಾಕಿ. ನಾಲ್ಕು ಮೂಲೆ, ನಡುವೆ ಒಂದು, ಹೀಗೆ ಐದಾದರೂ ಬೇಕು. ಇನ್ನು ಮೂರನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆ ಉಳಿಸಿಕೊಳ್ಳಿ. ಐವತ್ತು ಮೀಟರ್ ಎತ್ತರದಿಂದ ಸಣ್ಣ ಡ್ರೋನಿನ ಒಂದು ಪಿಕ್ಸೆಲ್ ಸುಮಾರು ಎರಡು ಸೆಂಟಿಮೀಟರ್ ನೆಲ ಹಿಡಿಯುತ್ತದೆ. ಹಾರುವ ದಿಕ್ಕಿನಲ್ಲಿ ಚಿತ್ರಗಳು 80 ಶೇಕಡಾ, ಸಾಲಿನಿಂದ ಸಾಲಿಗೆ 70 ಶೇಕಡಾ ಒಂದರ ಮೇಲೊಂದು ಬರಲಿ. ನಕ್ಷೆಗೆ ತೆಳು ಮೋಡದ ಹೊತ್ತು ಒಳ್ಳೆಯದು. ಎತ್ತರ ಕಡಿಮೆಯ ದಿಬ್ಬ, ಮುಚ್ಚಿದ ಕಂದಕ ಕಾಣಬೇಕಾದರೆ ಸೂರ್ಯ ಹುಟ್ಟಿ ಮೇಲೇರುವ ಮುಂಚಿನ ಉದ್ದ ನೆರಳಲ್ಲಿ ಇನ್ನೊಂದು ಸುತ್ತು ಹಾರಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಗದಗದ ಗಾಳಿಗೆ ಸಣ್ಣ ಡ್ರೋನ್ ಸೋಲುತ್ತದೆ. ಚಿತ್ರಗಳನ್ನು ವೆಬ್‌ಒಡಿಎಂನಲ್ಲಿ ಜೋಡಿಸಬಹುದು. ಬೇವು, ಹುಣಸೆಯ ಕೆಳಗಿನದು ಡ್ರೋನಿಗೆ ಕಾಣುವುದಿಲ್ಲ, ಅಲ್ಲಿ ಟೇಪು ಹಿಡಿಯಲೇಬೇಕು.

ಮೆಟ್ಟಿಲ ಬಾವಿ

ಮುಸುಕಿನ ಬಾವಿಯಂಥದ್ದರೊಳಗೆ ಜಿಪಿಎಸ್ಸಿಗೆ ಆಕಾಶವೇ ಸರಿಯಾಗಿ ಸಿಗುವುದಿಲ್ಲ. ಮೇಲೆ ಎರಡು ಬಿಂದು ಗಟ್ಟಿಮಾಡಿಕೊಂಡು ಟೇಪು, ಲೇಸರ್ ಮೀಟರಿನಿಂದ ಅಳತೆ ಕೆಳಗಿಳಿಸಿ. ನೀರು ಇಳಿದಿರುವ ಏಪ್ರಿಲ್, ಮೇ ಸೂಕ್ತ.

ಮೂರು ಆಯಾಮದ ಮಾದರಿಗೆ ಮುನ್ನೂರರಿಂದ ಐನೂರು ಫೋಟೊ ಬೇಕಾಗಬಹುದು. ಜೂಮ್, ವೈಟ್ ಬ್ಯಾಲೆನ್ಸ್ ಬದಲಿಸಬೇಡಿ. ಸಾಧ್ಯವಾದರೆ ಅಪರ್ಚರ್ (ಲೆನ್ಸಿನ ಕಿಂಡಿ) f/8ರ ಹತ್ತಿರ ಇರಲಿ. ಪ್ರತಿ ಮೆಟ್ಟಿಲ ಹಂತದಲ್ಲೂ ಒಂದು ಸುತ್ತು ಹೊಡೆಯಿರಿ, ಪ್ರತಿ ಕಲ್ಲೂ ಮೂರು ಫೋಟೊದಲ್ಲಾದರೂ ಸಿಗಬೇಕು. ಒಂದು ಮೀಟರಿನ ಅಳತೆಪಟ್ಟಿ ಮೂರು ಕಡೆ ಇಟ್ಟರೆ ಮಾದರಿಯ ಗಾತ್ರ ಸರಿಯಿದೆಯೇ ಎಂದು ತಾಳೆ ನೋಡಬಹುದು.

ಇಲ್ಲಿ ಎದುರಾಗುವ ದೊಡ್ಡ ತಾಪತ್ರಯ ಒಂದೇ ನಮೂನೆಯ ಮೆಟ್ಟಿಲುಗಳದು. ಬಲಬದಿಯ ಮೆಟ್ಟಿಲೂ ಎಡಬದಿಯದೂ ಹೋಲುವುದರಿಂದ ಸಾಫ್ಟ್‌ವೇರ್ ಒಂದನ್ನು ಇನ್ನೊಂದರ ಮೇಲೆ ಹೇರಿಬಿಡುತ್ತದೆ. ಮಾದರಿಯಲ್ಲಿ ಬಾವಿ ಮೂರು ಬದಿಯ ಬದಲು ಎರಡೇ ಬದಿಯದಾಗಿ ಹೊರಬರುತ್ತದೆ. ದೊಡ್ಡ ಅಂಕಿ ಬರೆದ ರಟ್ಟುಗಳನ್ನು ಮೆಟ್ಟಿಲ ಮೇಲೆ ಸಣ್ಣ ಕಲ್ಲಿನ ಭಾರ ಇಟ್ಟು ನಿಲ್ಲಿಸಿದರೆ ಈ ಗೊಂದಲ ತಪ್ಪುತ್ತದೆ. ಗೂಡುಗಳ ಕತ್ತಲೆಗೆ ಫ್ಲ್ಯಾಶ್ ಬೇಡ, ಬಿಳಿಬಟ್ಟೆಯ ಹಿಂದಿನ ಎಲ್‌ಇಡಿ ದೀಪ ಬಳಸಿ. ನೀರಿನ ಮೇಲ್ಮೈಯನ್ನು ಪ್ರತಿ ಫೋಟೊದಲ್ಲೂ ಅಳಿಸಿ, ಅದರಲ್ಲಿ ಕಾಣುವ ಗೋಡೆಯ ಪ್ರತಿಬಿಂಬವನ್ನು ಸಾಫ್ಟ್‌ವೇರ್ ನಿಜವಾದ ಗೋಡೆ ಎಂದೇ ತಿಳಿಯುತ್ತದೆ. ಗುಡಿಗಳ ಕಡೆದ ಬಳಪದಕಲ್ಲಿನ ಕಂಬಗಳೂ ಹೀಗೇ ಕಾಡುತ್ತವೆ. ನುಣುಪಿನ ಹೊಳಪು, ಸುತ್ತಲೂ ಒಂದೇ ಉಂಗುರಗಳು. ಬಿಸಿಲಿಲ್ಲದ ಹೊತ್ತು, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಎರಡೂ ಇದ್ದರೆ ಚೆನ್ನ.

ಶಾಸನಕ್ಕೆ ವಿಭೂತಿ, ಸುಣ್ಣದ ಕಡ್ಡಿ ಸವರಬೇಡಿ. ಟಾರ್ಚನ್ನು ಕಲ್ಲಿಗೆ ಬಹುತೇಕ ಸಮಾನಾಂತರ ಹಿಡಿದು, ಬೆಳಕು ಎಡ, ಬಲ, ಮೇಲಿನಿಂದ ಬೀಳುವಂತೆ ಮೂರು ಫೋಟೊ ತೆಗೆದರೆ ಸವೆದ ಅಕ್ಷರವೂ ಏಳುತ್ತದೆ. ಹೊಸದು ಎಂದು ಸಾರುವ ಮುಂಚೆ 'ದಕ್ಷಿಣ ಭಾರತದ ಶಾಸನಗಳು' (ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್) ಮಾಲೆಯ 11ನೇ ಸಂಪುಟದಲ್ಲಿ ನೋಡಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲೂ ವಿಚಾರಿಸಿ.

ಹಂಚುವ ಮೊದಲು

ಪರೀಕ್ಷೆಗೆ ಉಳಿಸಿದ ಮೂರು ಬಿಂದುಗಳಲ್ಲಿ ನಕ್ಷೆ ಎಷ್ಟು ಜರುಗಿದೆ ಎಂದು ಅಳೆದು ನಕ್ಷೆಯ ಮೂಲೆಯಲ್ಲೇ ಬರೆಯಿರಿ. ಆಮೇಲೆ ಎರಡು ಪ್ರತಿ ಮಾಡಿ. ಪೂರ್ಣ ನಿರ್ದೇಶಾಂಕದ್ದು ಇಲಾಖೆಗಳಿಗೆ. ಸಾರ್ವಜನಿಕರಿಗೆ ಬಿಡುವ ಪ್ರತಿಯಲ್ಲಿ ಕಾವಲಿಲ್ಲದ ಶಿಲ್ಪ, ವೀರಗಲ್ಲು, ಹೊಲದ ಚೂರುಗುಡ್ಡೆಗಳ ನಿರ್ದೇಶಾಂಕವನ್ನು ಡಿಗ್ರಿಯಲ್ಲಿ ಕೊಟ್ಟು ಚುಕ್ಕಿಯ ನಂತರ ಮೂರು ಅಂಕಿಗೆ ಮೊಟಕುಗೊಳಿಸಿ. ನಿಧಿಗಳ್ಳರಿಗೆ ನಾವೇ ದಾರಿ ತೋರಿಸಿದಂತಾಗಬಾರದು. ಫೋಟೊ ಫೈಲಿನೊಳಗೆ ಜಿಪಿಎಸ್ ಅಡಗಿರುತ್ತದೆ, ಹಂಚುವ ಮುನ್ನ ಅದನ್ನೂ ತೆಗೆಯಿರಿ. ಮಾಹಿತಿಯ ಕೋಷ್ಟಕವನ್ನು ಸಿಎಸ್‌ವಿ ರೂಪದಲ್ಲೂ ಒಂದು ಪ್ರತಿ ಇಟ್ಟರೆ ಕ್ಯೂಜಿಐಎಸ್ ಗೊತ್ತಿಲ್ಲದವರೂ ತೆರೆಯಬಹುದು, ಆದರೆ ತೆರೆಯುವಾಗ ಯುಟಿಎಫ್-8 ಆರಿಸಲು ಹೇಳಿ.