ಒದ್ದೆ ಗುಡ್ಡದಲ್ಲಿ ಬೆಂಕಿ ಹಿಡಿಸಿದ್ದು

ಅಕ್ಟೋಬರ್‌ನಲ್ಲಿ ಉಡುಪಿ ಜಿಲ್ಲೆಯ ಹೆಬ್ರಿ ಹತ್ತಿರ ದೊಡ್ಡಮ್ಮನ ತೋಟದ ಮೇಲಿನ ಗುಡ್ಡದಲ್ಲಿ ಒಂದು ರಾತ್ರಿ ಉಳಿದಿದ್ದೆವು, ನಾನು ಮತ್ತು ದೊಡ್ಡಮ್ಮನ ಇಬ್ಬರು ಮಕ್ಕಳು. ಜಾಗ ಮನೆಯವರದ್ದೇ. ಅಲ್ಲೇ ಆಚೆ ಸೋಮೇಶ್ವರ ವನ್ಯಜೀವಿ ಧಾಮ ಇದೆ, ಅದರೊಳಗೆ ಬೆಂಕಿ ಹಾಕುವುದು ಅಪರಾಧ. ದಯವಿಟ್ಟು ಅಲ್ಲಿ ಇದನ್ನೆಲ್ಲ ಮಾಡಬೇಡಿ.

ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು. ಅಕ್ಟೋಬರ್ ಬಂದರೂ ನೆಲಕ್ಕೆ ಬಿದ್ದ ಕಟ್ಟಿಗೆ ಒಣಗಿರುವುದಿಲ್ಲ. ಬೆಂಕಿಪೊಟ್ಟಣ ಮುಟ್ಟುವುದಿಲ್ಲ ಅಂತ ಹಟ ನನ್ನದು. ಚೀಲದಲ್ಲಿ ಒಂದು ಫೆರೋ ರಾಡ್ (ಚಾಕುವಿನ ಬೆನ್ನಿಗೆ ಗೀರಿದರೆ ಕಿಡಿ ಹಾರುವ ಲೋಹದ ಕಡ್ಡಿ), ಸಣ್ಣ ಚಾಕು, ಒಂದು ಕತ್ತಿ, ಅಷ್ಟೇ. ಮಧ್ಯಾಹ್ನ ತರಗೆಲೆ ರಾಶಿ ಹಾಕಿ ಇಪ್ಪತ್ತು ನಿಮಿಷ ಗೀರಿದೆ. ಹೊಗೆ ಕೂಡ ಏಳಲಿಲ್ಲ. ಆ ರಾಡಿನ ಕಿಡಿ 3,000 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಇರುತ್ತದೆ, ಆದರೆ ರೆಪ್ಪೆ ಬಡಿಯುವುದರೊಳಗೆ ಆರಿ ಹೋಗುತ್ತದೆ, ಅಷ್ಟರಲ್ಲಿ ಹೊತ್ತಿಕೊಳ್ಳಬೇಕಾದರೆ ಕೂದಲಿನಷ್ಟು ತೆಳುವಾದ, ಪೂರ್ತಿ ಒಣಗಿದ ಏನಾದರೂ ಬೇಕು.

ಮನೆಗೆ ಇಳಿದು ಬಂದಾಗ ದೊಡ್ಡಮ್ಮ ಬಚ್ಚಲೊಲೆಯ ಮುಂದಿದ್ದರು. "ಎಲೆಗೆ ಯಾರಾದರೂ ಬೆಂಕಿ ಹಿಡಿಸ್ತಾರಾ ಮಾರಾಯ? ಸಿಪ್ಪೆಯ ಒಳಗಿನ ನಾರು ಬಿಡಿಸು. ಹೊರಗೆ ಒದ್ದೆ ಇದ್ರೂ ಒಳಗೆ ಒಣಗಿಯೇ ಇರ್ತದೆ" ಅಂದರು. ಹಳೆಯ ತೆಂಗಿನ ಸಿಪ್ಪೆ ಸೀಳಿ ನೋಡಿದೆ, ಹೌದು.

ಅದೇ ಒಲೆಯಲ್ಲಿ, ಸಣ್ಣ ಕಿಡಿ ಬಿದ್ದರೂ ಕೆಂಡದ ಹಾಗೆ ಹಿಡಿದುಕೊಳ್ಳುವ ಸುಟ್ಟ ಬಟ್ಟೆಯನ್ನೂ ಮಾಡಿಕೊಂಡೆ. ಹಳೆಯ ಬೈರಾಸವನ್ನು (ಹತ್ತಿಯ ಟವೆಲ್) ಸಣ್ಣ ತುಂಡು ಮಾಡಿ ತಗಡಿನ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು, ಕೆಂಡದ ಮೇಲೆ ಇಟ್ಟೆ. ತೂತಿನಿಂದ ಹೊಗೆ ಬರುವುದು ನಿಂತ ಮೇಲೆ ಇಳಿಸಿ, ಪೂರ್ತಿ ತಣಿದ ಮೇಲೆಯೇ ತೆರೆದೆ. ಬಿಸಿ ಇರುವಾಗ ತೆರೆದರೆ ಗಾಳಿ ಸಿಕ್ಕಿ ಎಲ್ಲ ಬೂದಿಯಾಗುತ್ತದೆ. ಬಟ್ಟೆ ನೂರಕ್ಕೆ ನೂರು ಹತ್ತಿಯದ್ದೇ ಆಗಬೇಕು, ಪಾಲಿಯೆಸ್ಟರ್ ಇದ್ದರೆ ಕರಗಿ ಅಂಟಾಗುತ್ತದೆ.

ಕಟ್ಟಿಗೆಗೆ ನೆಲ ನೋಡಲಿಲ್ಲ. ಮರದಲ್ಲೇ ಸತ್ತು ನಿಂತ ಕೊಂಬೆಗಳನ್ನು ಮುರಿದೆವು. ಚಟ್ ಅಂತ ಮುರಿದರೆ ಒಣಗಿದೆ, ಬಾಗಿದರೆ ಬಿಟ್ಟುಬಿಡಿ. ಚೇರೆ ಮರ ಮಾತ್ರ ಬೇಡವೇ ಬೇಡ, ಅದರ ಸೊನೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಒಲೆಗೆ ಹೊಳೆಯ ಕಲ್ಲನ್ನೂ ತರಬೇಡಿ, ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ನಾವು ತೋಟದ ಅಂಚಿನ ಒಣ ಮುರಕಲ್ಲು ಮೂರು ಇಟ್ಟೆವು.

ಕತ್ತಲಾಗುವ ಹೊತ್ತಿಗೆ ನಾರನ್ನು ಎರಡೂ ಅಂಗೈ ನಡುವೆ ತುಂಬಾ ಹೊತ್ತು ಉಜ್ಜಿ ಉಜ್ಜಿ ಗುಬ್ಬಿ ಗೂಡಿನ ಹಾಗೆ ಮಾಡಿದೆ, ನಡುವೆ ಕಪ್ಪು ಬಟ್ಟೆಯ ತುಂಡು. ಚಾಕುವಿನ ಬೆನ್ನನ್ನು ಅಲುಗಿಸದೆ ಹಿಡಿದು ರಾಡನ್ನೇ ಹಿಂದಕ್ಕೆ ಎಳೆದೆ, ಚಾಕು ಮುಂದೆ ದೂಡಿದರೆ ಗೂಡು ಚೆದುರುತ್ತದೆ ಅಲ್ವಾ. ಮೂರನೇ ಸಲಕ್ಕೆ ಬಟ್ಟೆಯ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕಿ. ಅದು ಉರಿಯಲಿಲ್ಲ, ಸುಮ್ನೆ ನಿಧಾನಕ್ಕೆ ಹರಡಿತು. ಗೂಡು ಮಡಚಿ ಮುಖದ ಎತ್ತರಕ್ಕೆ ಹಿಡಿದು ಉದ್ದ ಉಸಿರಿನಿಂದ ಊದಿದೆ. ಬೆರಳಿಗೆ ಬಿಸಿ ತಾಗಿತು, ಬಿಳಿ ಹೊಗೆ ದಪ್ಪವಾಯಿತು, ಇನ್ನೊಂದು ಊದಿಗೆ ಬುಗ್ಗನೆ ಜ್ವಾಲೆ! ನಾವು ಮೂವರೂ ಕೂಗಿಬಿಟ್ಟೆವು.

ಅದರ ಮೇಲೆ ಒಣ ಮಡಲಿನ ಗರಿ, ಕಡ್ಡಿ, ಬೆರಳು ದಪ್ಪದ ಕೊಂಬೆ, ಕೊನೆಗೆ ಗೆರಟೆ, ಅಂದರೆ ತೆಂಗಿನ ಚಿಪ್ಪು. ಗೆರಟೆಯ ಕೆಂಡ ತುಂಬಾ ಹೊತ್ತು ನಿಲ್ಲುತ್ತದೆ, ಗೆಣಸು ಅದರಲ್ಲೇ ಬೆಂದಿತು.

ಮಲಗುವ ಮೊದಲು ಎರಡು ಕೊಡ ನೀರು ಹೊಯ್ದು, ಕೋಲಿನಿಂದ ಕಲಕಿ, ಮತ್ತೆ ಹೊಯ್ದೆವು. ಚುಂಯ್ ಅನ್ನುವುದು ನಿಂತ ಮೇಲೆ ಬೂದಿಗೆ ಕೈಯ ಹಿಂಬದಿ ಹತ್ತಿರ ಹಿಡಿದು ನೋಡಿದೆ. ಒಂದು ಮೂಲೆ ಇನ್ನೂ ಬೆಚ್ಚಗಿತ್ತು. ತಮ್ಮ ಇನ್ನೊಂದು ಕೊಡ ತರಲು ಕೆಳಗೆ ಇಳಿದ.